ಅತ್ತೆಯ ಲ್ಯಾಪ್‌ಟಾಪಿನ ಹನ್ನೊಂದು ನಿಯಮಗಳು

ನಮ್ಮತ್ತೆ ಮೂರು ದಿನಕ್ಕೆಂದು ತಂಗಿಯ ಮನೆಗೆ ಹೊರಟು ನಿಂತಾಗ ನನ್ನ ಕೈಗೆ ಒಂದು ಹಾಳೆ ಕೊಟ್ಟರು. ಎರಡೂ ಬದಿ ತುಂಬಿತ್ತು. ಮೇಲೆ ‘ಲ್ಯಾಪ್‌ಟಾಪಿನ ನಿಯಮಗಳು’ ಎಂದು ದಪ್ಪಕ್ಷರ, ಅದರಡಿ ಎರಡು ಗೆರೆ, ಆಮೇಲೆ ಒಂದರಿಂದ ಹನ್ನೊಂದರವರೆಗೆ ಅಂಕಿ. ಹಾಲು ಕುಡಿಯುವ ಕೂಸನ್ನು ಬಿಟ್ಟು ಹೋಗುವ ತಾಯಿಯೂ ಇಷ್ಟು ಬರೆದಿಟ್ಟು ಹೋಗುವುದಿಲ್ಲ.

“ಇದರಲ್ಲಿರೋ ಹಾಗೇ ಮಾಡು. ನಿನ್ನ ಬುದ್ಧಿ ಸೇರಿಸ್ಬೇಡ,” ಅಂದರು.

“ಇದ್ದರೆ ತಾನೆ ಸೇರಿಸೋದು,” ಅಂದೆ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಮದುವೆಗೆ ಮೊದಲೇ ಇದನ್ನು ಹೇಳಿದ್ದೆ, ಈ ಮನೆಯಲ್ಲಿ ಯಾರೂ ನಂಬಿರಲಿಲ್ಲ.

ನಮ್ಮದು ಕಿವಿ ಮಷೀನಿನ ಕೇಂದ್ರ. ಸಾಲಾಗಿ ಮೂರು ಕೋಣೆ. ನಡುವಿನದು ಶಬ್ದ ಹೊಕ್ಕದ ಹಾಗೆ ಗೋಡೆಗೆಲ್ಲ ದಪ್ಪ ಸ್ಪಂಜು ಬಡಿದ ಕೋಣೆ. ಅದರೊಳಗೆ ಕೂತು ಬಂದವರ ಕಿವಿ ಪರೀಕ್ಷೆ ಮಾಡಿ ಗ್ರಾಫ್ ಬರೆಯುವುದು ನನ್ನ ಕೆಲಸ. ಹಿಂದಿನ ಕೋಣೆಯಲ್ಲಿ ನನ್ನ ಗಂಡ ಕಿವಿಯ ಅಚ್ಚು ತಯಾರಿಸಿ, ಸಣ್ಣ ಗ್ರೈಂಡರಿನಲ್ಲಿ ಗುಂಯ್ ಎಂದು ಉಜ್ಜುತ್ತಾ ಕೂರುತ್ತಾರೆ. ಮುಂದಿನ ಕೋಣೆ ಅತ್ತೆಯದು. ನಾನು ಬರೆದ ಗ್ರಾಫ್ ನೋಡಿಕೊಂಡು, ಮಷೀನನ್ನು ವಯರಿನಿಂದ ಲ್ಯಾಪ್‌ಟಾಪಿಗೆ ಜೋಡಿಸಿ, ಯಾವ ಸದ್ದು ಎಷ್ಟು ಏರಬೇಕು ಎಂದು ಹೊಂದಿಸಿ, ಕೊನೆಗೆ ತಾವೇ ಕಿವಿಗೊಟ್ಟು ಕೇಳಿ, ‘ಸರಿ ಇದೆ’ ಅಂದರೆ ಮುಗಿಯಿತು. ಮೂವತ್ತೆಂಟು ವರ್ಷದಿಂದ ಅದೇ ಟೇಬಲ್ಲು. ಅವರು ಡಾಕ್ಟರ್ ಅಲ್ಲದಿದ್ದರೂ ಊರೆಲ್ಲ ಅವರನ್ನು ಡಾಕ್ಟರಮ್ಮ ಅನ್ನುತ್ತದೆ.

ಆದರೆ ಆರು ತಿಂಗಳಿಂದ ಆ ‘ಸರಿ ಇದೆ’ ಸರಿ ಇರಲಿಲ್ಲ. ಏಳು ಜನ ಮಷೀನು ವಾಪಸ್ ತಂದು ತೋರಿಸಿದ್ದರು. ಎಲ್ಲರದ್ದೂ ಒಂದೇ ದೂರು: ಮಷೀನು ಕಿವಿಯಲ್ಲಿ ಸಿಳ್ಳೆ ಹೊಡೆಯುತ್ತದೆ. ತಮಾಷೆಯೆಂದರೆ ಹಾಕಿಕೊಂಡವರಿಗೆ ಸಿಳ್ಳೆ ಕೇಳಿಸುವುದಿಲ್ಲ, ಮನೆಯವರಿಗೆ ಮಾತ್ರ ಕೇಳಿಸುತ್ತದೆ. “ನಮ್ಮ ತಾತ ಊಟಕ್ಕೆ ಕೂತರೆ ಕುಕ್ಕರ್ ಇಟ್ಟ ಹಾಗಿರುತ್ತೆ” ಅಂತ ಮೊಮ್ಮಗಳೊಬ್ಬಳು ಹೇಳಿ ಹೋದಳು. ಅತ್ತೆ ಪ್ರತಿ ಸಲವೂ ಲ್ಯಾಪ್‌ಟಾಪಿನ ಕಡೆ ಕೈ ತೋರಿಸಿ, “ಇದೇ ನೋಡಿ, ನಡುವೆ ಫಕ್ಕನೆ ಆಫ್ ಆಗಿ ನಾನು ಹೊಂದಿಸಿದ್ದನ್ನೆಲ್ಲ ನುಂಗಿಬಿಡುತ್ತೆ” ಅನ್ನುತ್ತಿದ್ದರು. ಹಾಗಾದರೆ ಹೊಸದು ತರೋಣ ಅಂದರೆ ಅದಕ್ಕೂ ಒಪ್ಪುವುದಿಲ್ಲ.

“ಹೊಸದರ ಗುಣ ಯಾರಿಗೆ ಗೊತ್ತು? ಇದು ಈ ಟೇಬಲ್ಲಿಂದ ಎದ್ದ ದಿನ ನಾನೂ ಏಳ್ತೀನಿ,” ಅಂದುಬಿಟ್ಟಿದ್ದರು. ಬಾಯಿಮಾತಿಗೆ ಅಂದದ್ದಾಗಿರಲಿಲ್ಲ. ಮಾವ ತೀರಿಕೊಂಡ ಹನ್ನೆರಡನೇ ದಿನ ಆ ಟೇಬಲ್ಲಿಗೆ ಬಂದು ಕೂತ ಹೆಂಗಸು ಅವರು. ಅಲ್ಲಿಂದ ಎದ್ದರೆ ಅವರು ಎಲ್ಲಿ ಹೋಗಿ ಕೂರುತ್ತಾರೆ ಎಂದು ನನಗೂ ನನ್ನ ಗಂಡನಿಗೂ ತಿಳಿದಿರಲಿಲ್ಲ. ಹೀಗಾಗಿ ಆ ಮಾತು ಎತ್ತುವುದನ್ನೇ ಬಿಟ್ಟೆವು, ಸಿಳ್ಳೆಗಳು ಮಾತ್ರ ಬರುತ್ತಲೇ ಇದ್ದವು.

ಮೊದಲ ದಿನ ಬೆಳಿಗ್ಗೆ ಹತ್ತಕ್ಕೆ ನಾನು ಅತ್ತೆಯ ಕುರ್ಚಿಯಲ್ಲಿ ಕೂತೆ. ಬಂದವರು ಬೇಕರಿ ಯಜಮಾನರು, ಜೊತೆಗೆ ಅವರ ಮಗಳು. ನಾನು ಹಾಳೆ ಬಿಡಿಸಿ ಪಕ್ಕದಲ್ಲಿಟ್ಟುಕೊಂಡೆ.

ಒಂದನೇ ನಿಯಮ, ಚಾರ್ಜರಿನ ವಯರನ್ನು ಟೇಬಲ್ಲಿನ ಕಾಲಿಗೆ ಎರಡು ಸುತ್ತು ಸುತ್ತಬೇಕು. ಒಂದು ಸುತ್ತು ಸಾಲದು, ಮೂರಾದರೆ ಹೆಚ್ಚು. ಎರಡು, ಕೈಗಡಿಯಾರ ಬಿಚ್ಚಿಡಬೇಕು, ಇಲ್ಲದಿದ್ದರೆ ಪರದೆಯ ಮೇಲಿನ ಬಾಣ ಹುಚ್ಚೆದ್ದು ಓಡುತ್ತದೆ. ಮೂರು, ಪರದೆಯ ಬಲ ಅಂಚು ಬಾಯಿ ಬಿಟ್ಟಿದೆ, ಕೆಳಮೂಲೆಗೆ ಬಟ್ಟೆಯ ಕ್ಲಿಪ್ಪು ಹಾಕಬೇಕು. ಆಮೇಲೆ ತಾರೀಖು ನೋಡಬೇಕು: ಅದು ರಾತ್ರೋರಾತ್ರಿ ಒಂಬತ್ತು ವರ್ಷ ಹಿಂದಕ್ಕೆ ಹೋಗಿರುತ್ತದೆ, ಎಳೆದು ಈ ದಿನಕ್ಕೆ ತರಬೇಕು. ಅಕ್ಷರದ ಗುಂಡಿಯೊಂದು ಕಚ್ಚಿಕೊಳ್ಳುತ್ತದೆ, ಅದಕ್ಕೆ ಪೆನ್ಸಿಲ್ಲಿನ ರಬ್ಬರ್ ತುದಿ. ‘ಅಪ್‌ಡೇಟ್ ಮಾಡಲೇ’ ಅಂತ ಕೇಳಿದರೆ ‘ನಾಳೆ’ ಒತ್ತಬೇಕು. ಪಾಪ, ಅದು ಮೂರು ವರ್ಷದಿಂದ ನಾಳೆಗೇ ಕಾಯುತ್ತಾ ಕೂತಿದೆ. ಏಳು, ಆನ್ ಆಗದಿದ್ದರೆ ಚಾರ್ಜರಿನ ಪಿನ್ನನ್ನು ಒಂದು ಸಲ ಕಿತ್ತು ಚುಚ್ಚಬೇಕು.

ಎಂಟನೆಯದನ್ನು ಕೆಂಪು ಶಾಯಿಯಲ್ಲಿ ಬರೆದಿದ್ದರು. ‘ಸಿಳ್ಳೆ ಪರೀಕ್ಷೆ’ ಎನ್ನುವ ಬಟನ್ನನ್ನು ಮುಟ್ಟಕೂಡದು, ಮುಟ್ಟಿದರೆ ಲ್ಯಾಪ್‌ಟಾಪ್ ಕಲ್ಲಾಗಿ ಕೂರುತ್ತದೆ. ಒಂಬತ್ತು, ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ದುಡಿಸಬಾರದು, ಹೇಳದೆ ಕೇಳದೆ ಆರಿಹೋಗುತ್ತದೆ. ಹತ್ತು, ಅದರ ಸ್ಪೀಕರ್ ಹೋಗಿದೆ, ಸದ್ದು ಪೂರ್ತಿ ಏರಿಸಿಟ್ಟರೂ ಏನೂ ಪ್ರಯೋಜನವಿಲ್ಲ. ಹನ್ನೊಂದು, ಏನೇ ಆದರೂ ಬೈಯಬಾರದು. ಈ ಕೊನೆಯದು ನನಗಾಗಿಯೇ ಬರೆದದ್ದು.

ಒಪ್ಪಿಕೊಳ್ಳುತ್ತೇನೆ, ಕೆಲವು ನಿಯಮಗಳು ನಿಜಕ್ಕೂ ಕೆಲಸ ಮಾಡಿದವು. ಕೈಗಡಿಯಾರದ ಪಟ್ಟಿ ಬೆರಳಾಡಿಸುವ ಜಾಗಕ್ಕೆ ತಾಗಿದರೆ ಬಾಣ ಓಡದೆ ಇನ್ನೇನು ಮಾಡೀತು? ಪೆನ್ಸಿಲ್ಲಿನ ಉಪಾಯ ನೋಡಿ ಮನಸ್ಸಿನಲ್ಲೇ ಭೇಷ್ ಅಂದೆ. ಆದರೆ ವಯರನ್ನು ಮೇಜಿನ ಕಾಲಿಗೆ ಸುತ್ತುವಾಗ ಬೇಕರಿಯವರ ಮಗಳು ನನ್ನನ್ನೇ ನೋಡುತ್ತಿದ್ದಳು, ನನಗೆ ನಾಚಿಕೆಯಾಗಿ ಅದೊಂದನ್ನು ಬಿಟ್ಟೆ.

ಹದಿನೇಳು ಹದಿನೆಂಟು ನಿಮಿಷ ಕಳೆದಿರಬಹುದು. ಲ್ಯಾಪ್‌ಟಾಪ್ ಕೂಗತೊಡಗಿತು. ಸಣ್ಣಗೆ, ಚೂಪಾಗಿ, ಪೀಂ, ಪೀಂ, ಪೀಂ. ನಾನು ಹಾಳೆಯನ್ನು ಮೇಲಿಂದ ಕೆಳಗೆ ಓದಿದೆ, ತಿರುವಿ ಓದಿದೆ. ಕೂಗುವುದರ ಬಗ್ಗೆ ಒಂದಕ್ಷರವೂ ಇರಲಿಲ್ಲ. ಹೋಗಿದೆ ಅಂದ ಸ್ಪೀಕರ್ ಕಿವಿ ತೂತಾಗುವಂತೆ ಕೂಗುತ್ತಿತ್ತು. ಎರಡು ನಿಮಿಷ ಕೂಗಿ, ಪರದೆ ಕಪ್ಪಾಗಿ, ಸತ್ತುಬಿದ್ದಿತು. ನಾನು ಹನ್ನೊಂದನೇ ನಿಯಮವನ್ನು ಮುರಿದೆ.

“ಇವತ್ತೇ ಕೆಟ್ಟು ಕೂರಬೇಕಾ ಇದು! ಈ ಥರ ಯಾವತ್ತೂ ಕೂಗಿರಲಿಲ್ಲ,” ಅಂದೆ, ಗಿರಾಕಿಯ ಮುಂದೆ ಮಾನ ಉಳಿಸಿಕೊಳ್ಳಲು.

“ಹೋದ ಸಲಾನೂ ಕೂಗ್ತಿತ್ತಲ್ಲ ಮೇಡಂ,” ಅಂದಳು ಆ ಹುಡುಗಿ. “ಅಪ್ಪನಿಗೆ ಡಾಕ್ಟರಮ್ಮ ಹಾಕ್ತಿದ್ದಾಗ ಹೀಗೇ ಕೂಗಿ ಆಫ್ ಆಯ್ತು. ಇದೂ ಕಿವಿ ಟೆಸ್ಟೇ ಇರಬೇಕು ಅಂದ್ಕೊಂಡೆ.”

ಕಿವಿ ಪರೀಕ್ಷೆ ಮಾಡುವ ಜಾಗದಲ್ಲಿ ಪೀಂ ಅಂದರೆ ಯಾರು ತಾನೆ ತಲೆ ಕೆಡಿಸಿಕೊಳ್ಳುತ್ತಾರೆ? ಅವರಿಬ್ಬರನ್ನೂ ಮಧ್ಯಾಹ್ನ ಬರಲು ಹೇಳಿ ಕಳಿಸಿ ಅತ್ತೆಗೆ ಮೆಸೇಜ್ ಹಾಕಿದೆ: ‘ಅತ್ತೆ, ಲ್ಯಾಪ್‌ಟಾಪ್ ಪೀಂ ಪೀಂ ಅಂತಿದೆ. ಏನು ಮಾಡಲಿ?’

ತಕ್ಷಣ ಉತ್ತರ ಬಂತು: ‘ಅದು ಹಾಗೆಲ್ಲ ಅನ್ನೋದಿಲ್ಲ. ಒಂಬತ್ತು ವರ್ಷದಿಂದ ನೋಡ್ತಿದೀನಿ. ನೀನೇ ಏನೋ ಒತ್ತಿರ್ತೀಯ.’

ಮೈಯೆಲ್ಲ ಉರಿದುಹೋಯಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅಂತ ಗೊಣಗಿಕೊಂಡು, ಊಟದ ಬಿಡುವಿನಲ್ಲಿ ಗಂಡನನ್ನು ಹಿಂದಿನ ಕೋಣೆಯಿಂದ ಎಬ್ಬಿಸಿಕೊಂಡು ಬಂದೆ. ಹನ್ನೊಂದು ನಿಯಮಗಳನ್ನೂ ಒಂದೊಂದಾಗಿ ಮುರಿದು ನೋಡುವುದು, ಅತ್ತೆ ಬಂದಮೇಲೆ ಹಾಳೆಯನ್ನು ಅವರ ಮುಂದೆಯೇ ಹಿಡಿಯುವುದು, ಇದು ನನ್ನ ಯೋಜನೆ. ಗೆಲ್ಲುವ ಹುಮ್ಮಸ್ಸಿನಲ್ಲಿದ್ದೆ.

ಮೊದಲು ಕ್ಲಿಪ್ಪು ತೆಗೆದೆ. ಅದರಡಿಯಲ್ಲಿ, ಪರದೆಯ ಕೆಳಮೂಲೆಯಲ್ಲಿ, ಬ್ಯಾಟರಿಯ ಪುಟ್ಟ ಚಿತ್ರವಿತ್ತು. ಒಂಬತ್ತು ವರ್ಷ ಹಳೆಯ ಬ್ಯಾಟರಿ, ಒಳಗೆ ಜೀವ ಇಲ್ಲ. ಚಾರ್ಜರಿನ ಪಿನ್ನು ಸಡಿಲ, ವಯರು ಸ್ವಲ್ಪ ಜಗ್ಗಿದರೂ ಕರೆಂಟು ತಪ್ಪುತ್ತದೆ. ಆಗ ಬ್ಯಾಟರಿ ಇಪ್ಪತ್ತು ನಿಮಿಷ ತಡೆಯುತ್ತದೆ, ಕೊನೆಯ ಎರಡು ನಿಮಿಷ ಬಾಯಿ ಬಡಿದುಕೊಳ್ಳುತ್ತದೆ, ಆಮೇಲೆ ಆರುತ್ತದೆ. ಕಾಲಿಗೆ ಎರಡು ಸುತ್ತು ಹಾಕಿದರೆ ವಯರು ಜಗ್ಗುವುದಿಲ್ಲ, ಅಷ್ಟೇ ಅದರ ಮಹಿಮೆ.

“ಅಂದ್ರೆ ಆಫ್ ಆಗೋ ಮುಂಚೆ ಅದು ಹೇಳೇ ಆಗುತ್ತೆ,” ಅಂದರು ನನ್ನ ಗಂಡ. “ಮತ್ತೆ ಅಮ್ಮ ಹೇಳದೆ ಕೇಳದೆ ಅಂತ ಯಾಕೆ ಬರೆದಿದ್ದಾರೆ?”

“ಎಂಟನೇದು ನೋಡೋಣ ಇರಿ,” ಎಂದು ಸಿಳ್ಳೆ ಪರೀಕ್ಷೆಯ ಬಟನ್ ಒತ್ತಿದೆ. ಮಷೀನಿನಿಂದ ಸುಂಯ್ ಎಂದು ತೆಳ್ಳನೆ ಸದ್ದು ಬಂತು. ಅರ್ಧ ನಿಮಿಷಕ್ಕೆ ನಿಂತು, ಲ್ಯಾಪ್‌ಟಾಪ್ ಟಿಣ್ ಅಂದಿತು. ಮೂಲೆಯಲ್ಲಿ, ಕ್ಲಿಪ್ಪು ಮುಚ್ಚುತ್ತಿದ್ದ ಅದೇ ಜಾಗದಲ್ಲಿ, ‘ಸರಿ’ ಒತ್ತಿ ಅಂತ ಬಂತು. ಒತ್ತಿದೆ, ಮುಂದಕ್ಕೆ ಹೋಯಿತು. ಕಲ್ಲೂ ಇಲ್ಲ ಮಣ್ಣೂ ಇಲ್ಲ.

ನಾನು ಹಾಳೆಯನ್ನು ಮತ್ತೆ ಓದಿದೆ. ಕಲ್ಲಾಗಿ ಕೂರುತ್ತದೆ. ಹೇಳದೆ ಕೇಳದೆ ಆರುತ್ತದೆ. ಸ್ಪೀಕರ್ ಹೋಗಿದೆ. ಮೂರು ನಿಯಮಗಳು, ಮೂರಕ್ಕೂ ಒಂದೇ ಕಾರಣ. ನನ್ನ ಹುಮ್ಮಸ್ಸು ಜರ್ರನೆ ಇಳಿಯಿತು. ವಯಸ್ಸಾದ ಕಿವಿಗೆ ಚೂಪು ಸದ್ದುಗಳು ಮೊದಲು ಹೋಗುತ್ತವೆ. ದಿನಕ್ಕೆ ಹತ್ತು ಜನರಿಗೆ ನಾನೇ ಇದನ್ನು ಹೇಳುತ್ತೇನೆ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ ನಾವೆಲ್ಲ ಆರು ತಿಂಗಳಿಂದ ಲ್ಯಾಪ್‌ಟಾಪಿಗೆ ಬರೆ ಹಾಕುತ್ತಿದ್ದೆವು. ಏಳು ಜನರ ಮಷೀನಿಗೆ ಕಿವಿಗೊಟ್ಟು ‘ಸರಿ ಇದೆ’ ಅಂದವರಿಗೆ ಸಿಳ್ಳೆ ಕೇಳಿಸಿಯೇ ಇರಲಿಲ್ಲ.

“ನಮಗೆ ಹೇಗೆ ಗೊತ್ತಾಗ್ಲಿಲ್ಲ?” ಅಂದರು ನನ್ನ ಗಂಡ.

ಹೇಗೆ ಗೊತ್ತಾಗಬೇಕು? ಅದು ಪೀಂ ಅನ್ನುವಾಗ ನಾನು ಸ್ಪಂಜಿನ ಕೋಣೆಯೊಳಗೆ, ಇವರು ಗ್ರೈಂಡರಿನ ಮುಂದೆ. ಬೇರೆ ಮನೆಯಲ್ಲಾದರೆ ಟಿವಿ ಜೋರಾದಾಗಲೇ ತಿಳಿಯುತ್ತಿತ್ತು. ನಮ್ಮ ಮನೆಯಲ್ಲಿ ಎಲ್ಲರೂ ಮುಖಕ್ಕೆ ಮುಖ ಕೊಟ್ಟು, ಬಾಯಿ ತೆರೆದು, ಬಿಡಿಸಿ ಬಿಡಿಸಿ, ಗಟ್ಟಿಯಾಗಿಯೇ ಮಾತಾಡುತ್ತೇವೆ. ಕಸುಬಿನಿಂದ ಬಂದ ಚಾಳಿ. ನೆಂಟರು ಬಂದರೆ ಜಗಳವಾಗುತ್ತಿದೆ ಅಂದುಕೊಳ್ಳುತ್ತಾರೆ. ಅತ್ತೆಯೋ ತುಟಿ ನೋಡಿಯೇ ಮಾತು ಹಿಡಿಯುವುದನ್ನು ಮೂವತ್ತೆಂಟು ವರ್ಷದಿಂದ ಬೇರೆಯವರಿಗೆ ಕಲಿಸಿದವರು. ಕಿವುಡು ಬಂದರೆ ಯಾರಿಗೂ ತಿಳಿಯದ ಮನೆ ಊರಿನಲ್ಲಿ ಇದೊಂದೇ ಇರಬೇಕು.

“ನೀನೇ ಹೇಳ್ಬಿಡು. ನಾನು ಹೇಳಿದ್ರೆ ಅತ್ತುಬಿಡ್ತೀನಿ,” ಅಂದು ನನ್ನ ಗಂಡ ಗ್ರೈಂಡರಿನ ಹಿಂದೆ ಅಡಗಿಕೊಂಡರು. ಶೂರ!

ಎರಡು ದಿನ ನಾನು ಹೇಳುವ ಬಗೆಯನ್ನೇ ಯೋಚಿಸಿದೆ. ಹೇಳಿದರೆ ಟೇಬಲ್ಲಿಂದ ಏಳುತ್ತಾರೆ. ಹೇಳದಿದ್ದರೆ ಇನ್ನಷ್ಟು ತಾತಂದಿರು ಊಟದ ಹೊತ್ತಿಗೆ ಸಿಳ್ಳೆ ಹೊಡೆಯುತ್ತಾರೆ. ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ. ಕೊನೆಗೆ ಹೇಳುವ ಕೆಲಸವನ್ನು ಲ್ಯಾಪ್‌ಟಾಪಿಗೇ ಬಿಟ್ಟೆ.

ಮೂರನೇ ದಿನ ಸಂಜೆ ಅತ್ತೆ ಬಂದವರೇ ಚಪ್ಪಲಿ ಬಿಡುವ ಮೊದಲು ಕೇಳಿದ್ದು, “ಬದುಕಿದೆಯಾ ನನ್ನ ಲ್ಯಾಪ್‌ಟಾಪು?”

“ನೀವೇ ನೋಡಿ,” ಅಂದೆ. ಕುರ್ಚಿಯಲ್ಲಿ ಕೂತರು. ವಯರು ಸುತ್ತಿಲ್ಲ, ಕ್ಲಿಪ್ಪೂ ಇಲ್ಲ. ಬಾಯಿ ತೆರೆದು ಬೈಯಲು ಹೊರಟವರ ಕೈಯನ್ನು ಮೆಲ್ಲಗೆ ಹಿಡಿದೆ. ಬ್ಯಾಟರಿ ಮುಗಿಯುವ ಲೆಕ್ಕ ನೋಡಿಕೊಂಡೇ ಚಾರ್ಜರ್ ಕಿತ್ತಿಟ್ಟಿದ್ದೆ. ಅದು ಶುರುಮಾಡಿತು. ಪೀಂ, ಪೀಂ, ಪೀಂ.

“ಅತ್ತೆ, ಈಗ ಅದು ಕೂಗ್ತಿದೆ,” ಅಂದೆ.

ಅವರು ನನ್ನ ತುಟಿ ನೋಡಿದರು, ಲ್ಯಾಪ್‌ಟಾಪ್ ನೋಡಿದರು. ಪರದೆಯ ಮೂಲೆಯಲ್ಲಿ ಕೆಂಪಗೆ ಮಿನುಗುತ್ತಿದ್ದ ಬ್ಯಾಟರಿಯ ಚಿತ್ರ ನೋಡಿದರು. ಹಿಂದಿನ ಕೋಣೆಯ ಬಾಗಿಲಲ್ಲಿ ನಿಂತು ಆ ಸದ್ದಿಗೆ ಮುಖ ಕಿವುಚುತ್ತಿದ್ದ ಮಗನನ್ನು ನೋಡಿದರು. ಸ್ಪೀಕರಿನ ಮೇಲೆ ಅಂಗೈ ಇಟ್ಟರು. ಅಂಗೈಗೆ ಅದು ತಿಳಿಯಿತು. ಎರಡು ನಿಮಿಷ ಹಾಗೇ ಕೂತಿದ್ದರು. ಪರದೆ ಕಪ್ಪಾದಮೇಲೆ ಕೈ ತೆಗೆದರು.

“ಎಲ್ಲ ಸಲಾನೂ ಕೂಗ್ತಿತ್ತಾ?” ಅಂತ ಕೇಳಿದರು.

“ಹೂಂ ಅತ್ತೆ.”

ಅತ್ತೆ ಎದ್ದು ನಡುವಿನ ಕೋಣೆಗೆ ಹೋಗಿ ಗಿರಾಕಿಯ ಕುರ್ಚಿಯಲ್ಲಿ ಕೂತು ತಾವೇ ಹೆಡ್‌ಫೋನ್ ಹಾಕಿಕೊಂಡರು. ನಾನು ಸದ್ದು ಕೊಡುತ್ತಾ ಹೋದೆ, ಅವರು ಬೆರಳೆತ್ತುತ್ತಾ ಹೋದರು. ದಪ್ಪ ಸದ್ದುಗಳಿಗೆಲ್ಲ ಬೆರಳು ಟಕ್ಕನೆ ಎದ್ದಿತು. ಸದ್ದು ಚೂಪಾಗುತ್ತಾ ಹೋದಂತೆ ತಡವಾಯಿತು, ಆಮೇಲೆ ಬೆರಳು ಏಳಲಿಲ್ಲ. ಗ್ರಾಫಿನ ಗೆರೆ ಎಡಗಡೆ ಸಮನಾಗಿದ್ದು ಬಲಕ್ಕೆ ಬಂದಮೇಲೆ ಕಡಿದಾಗಿ ಇಳಿದಿತ್ತು.

ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು ಕನ್ನಡಕ ಏರಿಸಿ ನೋಡಿದರು, ಯಾರದೋ ಗ್ರಾಫ್ ನೋಡುವ ಹಾಗೆ.

“ಇವರನ್ನ ಮಷೀನು ಹೊಂದಿಸೋ ಟೇಬಲ್ಲಲ್ಲಿ ಕೂರಿಸಬಾರದು,” ಅಂದರು. “ನಾಳೆಯಿಂದ ನೀನು ಕೂತ್ಕೋ. ನಾನು ಮನೇಲಿರ್ತೀನಿ.”

ಅಲ್ಲಿಯವರೆಗೆ ತಡೆದುಕೊಂಡಿದ್ದ ಕೋಪ ನನಗೆ ಆಗ ಬಂತು. ಮದುವೆಯಾದ ಹನ್ನೆರಡು ವರ್ಷದಲ್ಲಿ ಅತ್ತೆಯ ಮೇಲೆ ನಾನು ಅಷ್ಟು ಜೋರಾಗಿ ಕೂಗಿರಲಿಲ್ಲ.

“ಅತ್ತೆ, ಕಿವಿ ಸ್ವಲ್ಪ ಹೋಯ್ತು, ಇನ್ನು ಮನೇಲಿರಿ ಅಂತ ಇಲ್ಲಿ ಕೂತ ಒಬ್ಬರಿಗಾದ್ರೂ ಹೇಳಿದ್ದೀರಾ ನೀವು? ಆ ಸಂಗೀತದ ಮೇಷ್ಟ್ರು ಪಾಠ ಬಿಡ್ತೀನಿ ಅಂದಾಗ ಅವರ ಮನೆಗೇ ಹೋಗಿ ಬೈದು ಬಂದೋರು ಯಾರು? ಬೇರೆಯವರಿಗಾದ್ರೆ ಮಷೀನು, ನಿಮಗಾದ್ರೆ ಮೂಲೆಯಾ? ಹಾಗಾದ್ರೆ ಇಷ್ಟು ವರ್ಷ ಇಲ್ಲಿ ಹೇಳಿದ್ದೆಲ್ಲ ಸುಳ್ಳು ತಾನೆ?”

ಸ್ಪಂಜಿನ ಗೋಡೆ ನನ್ನ ಕೂಗನ್ನೆಲ್ಲ ಹೀರಿಕೊಂಡಿತು. ಅತ್ತೆ ಕಾಗದವನ್ನು ನನ್ನ ಮುಂದೆ ಹಿಡಿದರು.

“ಇಷ್ಟು ಕಿರುಚಬೇಕಾಗಿರಲಿಲ್ಲ,” ಅಂದರು. “ದಪ್ಪ ಸದ್ದು ನನಗೆ ಚೆನ್ನಾಗೇ ಕೇಳಿಸುತ್ತೆ, ಗ್ರಾಫ್ ನೋಡು.”

ನನಗೆ ನಗು ಬಂತು, ಅಳುವೂ ಬಂತು, ಎರಡನ್ನೂ ಒಟ್ಟಿಗೇ ಮಾಡಿದೆ. ಬಾಗಿಲಿನ ಗಾಜಿನಾಚೆ ನಿಂತಿದ್ದ ನನ್ನ ಗಂಡ ಒಳಗೆ ಜಗಳವೋ ರಾಜಿಯೋ ತಿಳಿಯದೆ, ಅಚ್ಚು ತೆಗೆಯುವ ಡಬ್ಬಿಯನ್ನು ಎದೆಗವಚಿಕೊಂಡು ಕಾಯುತ್ತಿದ್ದರು.

ಒಂದು ವಾರದಲ್ಲಿ ಅಚ್ಚು ತಯಾರಾಯಿತು. ಅಷ್ಟರಲ್ಲಿ ಲ್ಯಾಪ್‌ಟಾಪಿಗೆ ಹೊಸ ಬ್ಯಾಟರಿ, ಹೊಸ ಚಾರ್ಜರ್ ಬಂದಿತ್ತು. ರಿಪೇರಿಯವರು ತಾರೀಖು ಹಿಡಿದಿಡುವ ಬಟನ್ನಿನಂಥ ಸಣ್ಣ ಸೆಲ್ಲನ್ನೂ ಬದಲಾಯಿಸಿ, ಬಾಯಿ ಬಿಟ್ಟ ಪರದೆಯ ಅಂಚನ್ನೂ ಅಂಟಿಸಿದರು. ಹನ್ನೊಂದರಲ್ಲಿ ಏಳು ನಿಯಮಗಳು ಒಂದೇ ಮಧ್ಯಾಹ್ನ ಸತ್ತವು. ಕೈಗಡಿಯಾರ, ಪೆನ್ಸಿಲ್ಲು ಉಳಿದವು. ‘ನಾಳೆ’ಯೂ ಉಳಿಯಿತು, ಅದನ್ನು ಮುಟ್ಟುವ ಧೈರ್ಯ ನನಗೂ ಇಲ್ಲ. ಹನ್ನೊಂದನೆಯದನ್ನು ಅತ್ತೆಯೇ ಉಳಿಸಿಕೊಂಡರು. ಅತ್ತೆಯ ಮಷೀನನ್ನು ನಾನೇ ಹೊಂದಿಸಿದೆ, ಅವರು ಪಕ್ಕದಲ್ಲಿ ಕೂತು ಪ್ರತಿ ಗೆರೆಗೂ ತಗಾದೆ ತೆಗೆದರು. ಸಿಳ್ಳೆ ಪರೀಕ್ಷೆ ಒತ್ತಿದೆ. ಸುಂಯ್ ಅಂದು, ಟಿಣ್ ಅಂದಾಗ ಅತ್ತೆ ಕುರ್ಚಿಯಲ್ಲಿ ಸಣ್ಣಗೆ ಬೆಚ್ಚಿಬಿದ್ದರು.

“ಮುಂದಕ್ಕೆ ಹೋಗು ಅಂತಿದೆ,” ಅಂದರು.

ಮರುದಿನ ಬೆಳಿಗ್ಗೆ ಏಳು ಜನರ ಪಟ್ಟಿಯನ್ನು ಮುಂದಿಟ್ಟುಕೊಂಡರು. ನಾನು ಫೋನ್ ಮಾಡಿ ಲ್ಯಾಪ್‌ಟಾಪ್ ಕೆಟ್ಟಿತ್ತು, ಸರಿಯಾಗಿದೆ, ಬನ್ನಿ ಅಂತ ಹೇಳುತ್ತೇನೆ ಅಂದೆ. ಸುಳ್ಳೇನಲ್ಲವಲ್ಲ.

“ನಾನು ಸರಿ ಇದೆ ಅಂದಿದ್ದು. ನಾನೇ ಹೇಳ್ಬೇಕು,” ಅಂದು ಫೋನ್ ಎತ್ತಿಕೊಂಡರು. ಹೊರಗಿನ ಕುರ್ಚಿಗಳಲ್ಲಿ ಒಂಬತ್ತು ಜನ ಕೂತಿದ್ದರು. ಮೆಲ್ಲಗೆ ಹೇಳಿ ಮುಗಿಸಬೇಕೆಂದು ಅತ್ತೆ ಗೋಡೆಯ ಕಡೆ ತಿರುಗಿದರು. ಮೊದಲ ಹೆಸರು ನಿವೃತ್ತ ಬಸ್ ಕಂಡಕ್ಟರರದ್ದು. ಸಿಳ್ಳೆಯ ಕಾಟಕ್ಕೆ ಮನೆಯವರು ಅವರ ಮಷೀನನ್ನು ತೆಗೆಸಿ ಡ್ರಾಯರಿನಲ್ಲಿ ಇಡಿಸಿದ್ದಾರೆಂಬುದು ನಮಗಿಬ್ಬರಿಗೂ ಹೊಳೆದಿರಲಿಲ್ಲ.

“ಹಲೋ, ನಾನು ಡಾಕ್ಟರಮ್ಮ. ನಿಮ್ಮ ಮಷೀನಿನ ತಪ್ಪಲ್ಲ ಅದು, ನನ್ನ ಕಿವಿದು,” ಅಂದರು ಪಿಸುಮಾತಿನಲ್ಲಿ.

“ಯಾರು? ಜೋರಾಗಿ ಹೇಳಿ!” ಅಂತ ಆ ಕಡೆಯಿಂದ ಗುಡುಗು. ಇಡೀ ಕೋಣೆಗೆ ಕೇಳಿಸಿತು.

“ಡಾಕ್ಟರಮ್ಮ! ತಪ್ಪು ನನ್ನದು! ನನ್ನ ಕಿವಿ!”

“ನನ್ನ ಕಿವಿ ಹಾಗೇ ಇದೆ!”

ಅತ್ತೆ ಒಂದು ಸಲ ಕಣ್ಣು ಮುಚ್ಚಿದರು. ಆಮೇಲೆ ಎದ್ದು ನಿಂತು, ಉಸಿರು ಎಳೆದುಕೊಂಡು, ಬಾಗಿಲು ಕಿಟಕಿ ಅದುರುವ ಹಾಗೆ ಹೇಳಿದರು: “ನನಗೇ ಸರಿಯಾಗಿ ಕಿವಿ ಕೇಳ್ತಾ ಇರಲಿಲ್ಲ! ಅದಕ್ಕೇ ಸಿಳ್ಳೆ ಗೊತ್ತಾಗಲಿಲ್ಲ! ಈಗ ನಾನೂ ಮಷೀನು ಹಾಕ್ಕೊಂಡಿದೀನಿ!”

ಹೊರಗಿನ ಒಂಬತ್ತು ಜನರಲ್ಲಿ ಕೇಳಿಸಿದವರು ಸುಮ್ಮನಾದರು. ಕೇಳಿಸದವರು ಪಕ್ಕದವರ ತೋಳು ಜಗ್ಗಿ ಏನಂತೆ ಎಂದು ಕೇಳಿದರು, ಅವರು ಇವರಿಗೆ ಕಿವಿಯಲ್ಲಿ ಕೂಗಿ ಹೇಳಿದರು. ಹೀಗೆ ಆ ಮಾತು ಕೊನೆಯ ಕುರ್ಚಿಯವರೆಗೂ ಹೋಯಿತು. ಅತ್ತೆಯ ಮುಖ ಕೆಂಪಾಗಿತ್ತು. ನನಗೆ ಅವರ ಮೇಲೆ ಅಷ್ಟು ಪ್ರೀತಿ ಯಾವತ್ತೂ ಬಂದಿರಲಿಲ್ಲ.

ಈ ಸಲ ಮಾತು ಫೋನಿನ ಆ ಕಡೆಗೂ ಮುಟ್ಟಿತು.

“ಈಗ ಬಂದ್ರೆ ಯಾರು ಹಾಕೋದು?” ಅಂತ ಕೇಳಿದರು ಕಂಡಕ್ಟರು. “ನೀವಾ, ಬೇರೆಯವರಾ?”

ಅತ್ತೆ ನನ್ನ ಕಡೆ ತಿರುಗಿದರು. ನಾನು ಅವರ ಕುರ್ಚಿಯನ್ನು ಮುಂದಕ್ಕೆ ಎಳೆದು ಇಟ್ಟೆ.

“ನಾನೇ ಹಾಕ್ತೀನಿ,” ಅಂತ ಕೂಗಿದರು ಅತ್ತೆ.

“ಹಾಗಾದ್ರೆ ಬರ್ತೀನಿ,” ಅಂದರು ಕಂಡಕ್ಟರು.

ಅತ್ತೆ ಫೋನ್ ಇಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು, ಕುರ್ಚಿಯಲ್ಲಿ ಕೂತರು.

“ಎರಡನೇ ನಂಬರ್ ಹೇಳೇ,” ಅಂದರು.